ಕೊನೆಯ ಬೋಗಿ ಬಂತೇ?

ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವ ಗಾಡಿಯನ್ನು ಎಲ್ಲರೂ ಒಂದೇ ರೀತಿ ನೋಡುವುದಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಹುಡುಗರ ಕಣ್ಣು ಎಂಜಿನ್ನಿನ ಮೇಲಿದ್ದರೆ ಸ್ಟೇಷನ್ ಮಾಸ್ತರರ ಕಣ್ಣು ಗಾಡಿಯ ಬಾಲದ ಮೇಲಿರುತ್ತದೆ. ಹಗಲಾದರೆ ಕೊನೆಯ ಬೋಗಿಯ ಹಿಂದೆ ತೂಗುವ ‘ಎಲ್‌ವಿ’ ಎಂಬ ಅಕ್ಷರಗಳ ಫಲಕ, ರಾತ್ರಿಯಾದರೆ ಕೆಂಪು ದೀಪ. ಅದನ್ನು ಕಂಡ ಮೇಲೆಯೇ ಗಾಡಿ ಪೂರ್ತಿಯಾಗಿ ಬಂದಿತೆಂದು ಹಿಂದಿನ ನಿಲ್ದಾಣಕ್ಕೆ ವರದಿ ಹೋಗುವುದು ವಾಡಿಕೆ. ಎಂಜಿನ್ ಬಂದ ಮಾತ್ರಕ್ಕೆ ಗಾಡಿ ಬಂದಂತಲ್ಲ. ನಡುವೆ ಎಲ್ಲೋ ಕೊಂಡಿ ಕಳಚಿ ನಾಲ್ಕು ಬೋಗಿಗಳು ದಾರಿಯಲ್ಲೇ ಉಳಿದಿದ್ದರೆ, ‘ದಾರಿ ಖಾಲಿ’ ಎಂದು ನಂಬಿ ಬಿಟ್ಟ ಮುಂದಿನ ಗಾಡಿ ಅವುಗಳ ಮೇಲೆಯೇ ಹೋಗಿ ಬೀಳುತ್ತದೆ.

ಒಂದೇ ಜೋಡಿ ಹಳಿಯ ಮೇಲೆ ಎರಡೂ ದಿಕ್ಕಿನ ಗಾಡಿಗಳು ಓಡುತ್ತಿದ್ದ ಕಾಲದಲ್ಲಿ ಇದಕ್ಕಾಗಿ ಇನ್ನೊಂದು ಬಿಗಿಯಾದ ಏರ್ಪಾಟೂ ಇತ್ತು. ಎರಡು ನಿಲ್ದಾಣಗಳ ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ, ಅವುಗಳೊಳಗೆ ಉಕ್ಕಿನ ಗುಂಡುಗಳನ್ನು ಇಟ್ಟಿರುತ್ತಿದ್ದರು. ಮುಂದಿನ ನಿಲ್ದಾಣದವರು ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆಯ ಪೆಟ್ಟಿಗೆಯಿಂದ ಒಂದು ಗುಂಡು ಹೊರಬರುತ್ತಿತ್ತು. ಆ ಗುಂಡು, ಅಂದರೆ ಟೋಕನ್, ಕೈಯಲ್ಲಿಲ್ಲದೆ ಚಾಲಕ ಗಾಡಿ ಬಿಡುವಂತಿರಲಿಲ್ಲ. ಅದು ಮರಳಿ ಪೆಟ್ಟಿಗೆ ಸೇರುವವರೆಗೆ ಎರಡು ಕಡೆಯಿಂದಲೂ ಇನ್ನೊಂದು ಹೊರಬರುತ್ತಿರಲಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಇಟ್ಟು, ಓಡುವ ಗಾಡಿಯ ಚಾಲಕನ ತೋಳಿಗೆ ಏರಿಸುತ್ತಿದ್ದ ದೃಶ್ಯ ಮೀಟರ್ ಗೇಜ್ ಕಂಡ ಹಿರಿಯರಿಗೆ ನೆನಪಿರಬಹುದು.

‘ಕಳಿಸಿದ್ದು ಪೂರ್ತಿ ಮುಟ್ಟಿತೇ? ಹಾಗಿದ್ದರೆ ದಾರಿಯನ್ನು ಮತ್ತೆ ಬಳಸಬಹುದೇ?’ ಎಂಬ ಈ ಹಳೆಯ ರೈಲ್ವೆ ಪ್ರಶ್ನೆ ಇಂದು ಗದಗ ಸೀಮೆಯ ಮಳೆಯ ಮುನ್ಸೂಚನೆ ತಯಾರಿಸುವ ಗಣಕಯಂತ್ರಗಳ ಒಳಗೆ ಲೆಕ್ಕವಿಲ್ಲದಷ್ಟು ಬಾರಿ ಏಳುತ್ತದೆ. ರೈಲಿಗೂ ಮುನ್ಸೂಚನೆಗೂ ಇರುವ ನಂಟು ಬರಿಯ ಹೋಲಿಕೆಯದಲ್ಲ, ಇತಿಹಾಸದ್ದೂ ಹೌದು.

ಗದಗಕ್ಕೆ ರೈಲು ಬಂದದ್ದೇ ಮಳೆ ಕೈಕೊಟ್ಟ ಕಾರಣಕ್ಕೆ. 1876-78ರ ಭೀಕರ ಬರ ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳನ್ನು ಹಿಂಡಿಹಾಕಿತು. ಬೇರೆಡೆ ಕಾಳು ಇದ್ದರೂ ಹಸಿದವರ ಬಾಯಿಗೆ ಮುಟ್ಟಿಸಲು ಎತ್ತಿನ ಬಂಡಿಯ ಹೊರತು ದಾರಿಯಿರಲಿಲ್ಲ. ಮೇವಿಲ್ಲದೆ ಎತ್ತುಗಳೂ ಉಳಿಯಲಿಲ್ಲ. ಈ ಪಾಠ ಕಲಿತ ಸರ್ಕಾರದ ಬೆಂಬಲದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೋಟಗಿಯಿಂದ ಗದಗದವರೆಗೆ ಮೀಟರ್ ಗೇಜ್ ಹಳಿ ಬಂತು. ಹುಬ್ಬಳ್ಳಿ, ಬಳ್ಳಾರಿಗಳ ದಾರಿಗಳೂ ಕೂಡಿ ಊರು ಜಂಕ್ಷನ್ ಆಯಿತು. (ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಪಟ್ಟಣಗಳ ಜನ ಮಾತ್ರ ಇಂದಿಗೂ ರೈಲು ಹತ್ತಬೇಕಾದರೆ ಬೇರೆ ಊರಿಗೇ ಹೋಗಬೇಕು.) ಅದೇ ಬರದ ಬಿಸಿ ತಟ್ಟಿದ ಇನ್ನೊಂದು ಇಲಾಖೆ ಹವಾಮಾನದ್ದು. 1875ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಪಾತಕ್ಕೂ ಮುಂಗಾರಿಗೂ ಸಂಬಂಧ ಕಲ್ಪಿಸಿ, 1886ರ ಜೂನ್ 4ರಂದು ದೇಶದ ಮೊದಲ ಕ್ರಮಬದ್ಧ ಮುಂಗಾರು ಮುನ್ಸೂಚನೆ ಹೊರಡಿಸಿದ. ಬರ ಬಂದ ಮೇಲೆ ಕಾಳು ಒಯ್ಯಲು ಹಳಿ, ಬರುವ ಮುನ್ನ ತಿಳಿಯಲು ಮುನ್ಸೂಚನೆ.

ಬ್ಲಾನ್‌ಫೋರ್ಡನದು ಅನುಭವದ ಅಂದಾಜು. ಗಾಳಿಯ ಒತ್ತಡ, ವೇಗ, ತೇವಾಂಶಗಳನ್ನು ಭೌತಶಾಸ್ತ್ರದ ಸಮೀಕರಣಗಳಲ್ಲಿ ಇಟ್ಟು ನಾಳಿನ ಹವೆಯನ್ನು ಲೆಕ್ಕದಿಂದಲೇ ತೆಗೆಯುವ ಸಾಹಸಕ್ಕೆ ಕೈಹಾಕಿದವನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿ ಓಡಿಸುತ್ತಲೇ ಆತ 1910ರ ಮೇ 20ರ ಒಂದು ದಿನದ ಹವೆಯನ್ನು ಕೈಯಿಂದ ಲೆಕ್ಕ ಹಾಕಿದ. ಉತ್ತರ ಭಾರಿ ತಪ್ಪಾಗಿತ್ತು. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುವುದೆಂದು ಅವನ ಲೆಕ್ಕ ಹೇಳಿತು, ವಾಸ್ತವದಲ್ಲಿ ಅದು ಹೆಚ್ಚುಕಡಿಮೆ ಅಲುಗಾಡಿರಲಿಲ್ಲ. ಆತ ಅದನ್ನು ಮುಚ್ಚಿಡದೆ 1922ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪದ ಪ್ರಾಮಾಣಿಕತೆ.

ಅದೇ ಪುಸ್ತಕದಲ್ಲಿ ಒಂದು ಹಗಲುಗನಸೂ ಇದೆ. ನಾಟಕಗೃಹದಂಥ ದೊಡ್ಡ ಭವನ, ಗೋಡೆಗಳ ಮೇಲೆ ಭೂಪಟ. 64,000 ಮಂದಿ ಲೆಕ್ಕಿಗರು, ಪ್ರತಿಯೊಬ್ಬರಿಗೂ ಭೂಪಟದ ಒಂದೊಂದು ಭಾಗ. ಪಕ್ಕದವರು ಓದಿಕೊಳ್ಳಲೆಂದು ಪ್ರತಿಯೊಬ್ಬರ ಉತ್ತರವೂ ಸಣ್ಣ ಫಲಕದಲ್ಲಿ ಬೆಳಗುತ್ತದೆ. ನಡುಗಂಬದ ಮೇಲೆ ನಿಂತ ಮೇಲ್ವಿಚಾರಕ, ಮುಂದೆ ಓಡುತ್ತಿರುವವರ ಮೇಲೆ ಗುಲಾಬಿ ಬೆಳಕನ್ನೂ ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕನ್ನೂ ಚೆಲ್ಲುತ್ತಾನೆ. ಗಣಕಯಂತ್ರ ಹುಟ್ಟುವ ಮೊದಲೇ ಕಂಡ ಈ ಕನಸಿನಲ್ಲಿ ಸಮಾಂತರ ಗಣಕದ ಎರಡು ಮುಖ್ಯ ತೊಡಕುಗಳಿವೆ: ಪಕ್ಕದವನ ಉತ್ತರ ಬೇಕು, ಆದರೆ ಪಕ್ಕದವನು ನಮ್ಮ ವೇಗದಲ್ಲೇ ನಡೆಯುವುದಿಲ್ಲ.

ಇದನ್ನು ಗದಗ ಸೀಮೆಗೇ ತಂದು ನೋಡಬಹುದು. ನಾಲ್ಕು ಗಣಕಗಳಿವೆಯೆಂದುಕೊಳ್ಳೋಣ, ಗದಗ-ಬೆಟಗೇರಿಯ ಸುತ್ತಿನ ಆಕಾಶ ಒಂದಕ್ಕೆ, ಶಿರಹಟ್ಟಿಯದು ಇನ್ನೊಂದಕ್ಕೆ, ಮುಂಡರಗಿಯದು ಮತ್ತೊಂದಕ್ಕೆ, ಈಚೆಗೆ ಶಿರಹಟ್ಟಿಯಿಂದ ಬೇರೆಯಾಗಿ ತಾಲ್ಲೂಕಾದ ಲಕ್ಷ್ಮೇಶ್ವರದ್ದು ನಾಲ್ಕನೆಯದಕ್ಕೆ. ಮುಂದಿನ ಕೆಲವು ನಿಮಿಷಗಳ ಹವೆಯನ್ನು ಪ್ರತಿ ಗಣಕವೂ ತನ್ನ ಪಾಲಿನ ನೆಲಕ್ಕೆ ಲೆಕ್ಕ ಹಾಕಬೇಕು. ಆದರೆ ಮೋಡಕ್ಕೆ ತಾಲ್ಲೂಕಿನ ಗಡಿ ತಿಳಿಯದು. ಕಪ್ಪತಗುಡ್ಡ ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲ್ಲೂಕುಗಳಲ್ಲಿ ಹಬ್ಬಿರುವ ಬೆಟ್ಟಸಾಲು. ಅದರ ಮೇಲೆ ಏರುವ ಗಾಳಿಯ ಲೆಕ್ಕವನ್ನು ಯಾವ ಒಂದು ಗಣಕವೂ ಒಂಟಿಯಾಗಿ ಮುಗಿಸಲಾರದು. ಆದ್ದರಿಂದ ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಗಡಿಯ ಅಂಕಿಗಳನ್ನು ಒಬ್ಬರಿಗೊಬ್ಬರು ಸಂದೇಶದ ಮೂಲಕ ಕೊಟ್ಟು ತೆಗೆದುಕೊಳ್ಳಬೇಕು. (ಎಲ್ಲ ಹವಾಮಾನ ಮಾದರಿಗಳೂ ನೆಲವನ್ನು ಹೀಗೆ ಹೋಳು ಮಾಡಿಯಷ್ಟೇ ನಿಲ್ಲುವುದಿಲ್ಲ, ಹವೆಯನ್ನು ಅಲೆಗಳ ಮೊತ್ತವಾಗಿ ಬರೆಯುವ ಮಾದರಿಗಳೂ ಇವೆ. ಅಲ್ಲಿ ಸಂದೇಶಗಳ ಗದ್ದಲ ಇನ್ನೂ ಹೆಚ್ಚು.)

ಸಂದೇಶ ಕಳಿಸುವ ಅತಿ ಸರಳ ವಿಧಾನವೆಂದರೆ ನಿಂತು ಕಾಯುವುದು. ಬ್ರಿಟಿಷ್ ಗಣಕ ವಿಜ್ಞಾನಿ ಟೋನಿ ಹೋರ್ 1978ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಕೊಡುವವನೂ ಪಡೆಯುವವನೂ ಇಬ್ಬರೂ ಸಿದ್ಧರಾದಾಗಲೇ ಸಂದೇಶ ದಾಟುತ್ತದೆ. ಮೊದಲು ಬಂದವನು ಮತ್ತೊಬ್ಬನಿಗಾಗಿ ಕಾಯಬೇಕು. ಬ್ರಿಸ್ಟಲಿನ ಇನ್‌ಮಾಸ್ ಕಂಪನಿಯ ‘ಟ್ರಾನ್ಸ್‌ಪ್ಯೂಟರ್’ ಎಂಬ ಚಿಪ್ ಈ ತತ್ವದ ಮೇಲೆಯೇ ರಚಿತವಾಗಿತ್ತು. ಶಿಸ್ತಿನ ದೃಷ್ಟಿಯಿಂದ ಇದು ಸುಂದರವಾದ ವ್ಯವಸ್ಥೆ, ಆದರೆ ಇದಕ್ಕೆ ಎರಡು ಬೆಲೆ ತೆರಬೇಕು. ಲಕ್ಷ್ಮೇಶ್ವರದ ಗಣಕ ತಡವಾದರೆ ಗದಗದ ಗಣಕ ಸುಮ್ಮನೆ ಕೂರುತ್ತದೆ, ಇದು ಒಂದು. ‘ನೀನು ತೆಗೆದುಕೊಳ್ಳುವವರೆಗೆ ನಾನು ಬೇರೇನೂ ಮಾಡೆ’ ಎಂದು ಗದಗ ಶಿರಹಟ್ಟಿಗೆ ಹೇಳಿದ ಗಳಿಗೆಯಲ್ಲೇ ಶಿರಹಟ್ಟಿಯೂ ಗದಗಕ್ಕೆ ಅದನ್ನೇ ಹೇಳಿದರೆ ಎರಡೂ ಎಂದೆಂದಿಗೂ ನಿಂತೇ ಬಿಡುತ್ತವೆ, ಇದು ಇನ್ನೊಂದು. ಒಂಟಿ ಹಳಿಯ ಎರಡು ತುದಿಗಳಲ್ಲಿ ಎದುರುಬದುರು ನಿಂತ ಗಾಡಿಗಳಂತೆ, ಯಾವುದೂ ಹೊರಡದು.

ಇದಕ್ಕೆ ಕಂಡುಕೊಂಡ ಪರಿಹಾರ ಊರಿನ ಹಿಟ್ಟಿನ ಗಿರಣಿಗೆ ಹೋಗುವ ಯಾರಿಗೂ ಹೊಸದಲ್ಲ. ಜೋಳದ ಡಬ್ಬಿಯನ್ನು ಸರದಿಯಲ್ಲಿಟ್ಟು ಅಲ್ಲೇ ನಿಂತಿರುವವರು ಯಾರು? ಡಬ್ಬಿ ಇಟ್ಟು ಬಜಾರದ ಕೆಲಸಕ್ಕೆ ಹೋಗುತ್ತಾರೆ. ಬರುವ ದಾರಿಯಲ್ಲಿ ಇಣುಕಿ ‘ಆತೇನ್ರೀ?’ ಎನ್ನುತ್ತಾರೆ. ‘ಇನ್ನೂ ಇಲ್ರೀ’ ಎಂದರೆ ಮತ್ತೊಂದು ಕೆಲಸ ಮುಗಿಸಿಕೊಂಡು ಬರುತ್ತಾರೆ. ಗಣಕದ ಪ್ರೋಗ್ರಾಮೂ ಹಾಗೆಯೇ ‘ಈ ಅಂಕಿಗಳನ್ನು ಮುಂಡರಗಿಗೆ ಕಳಿಸು’, ‘ಶಿರಹಟ್ಟಿಯಿಂದ ಬರುವುದನ್ನು ಈ ಜಾಗದಲ್ಲಿ ತುಂಬು’ ಎಂದು ಅಪ್ಪಣೆ ಕೊಟ್ಟು ತಕ್ಷಣ ಮರಳುತ್ತದೆ. ಕೈಗೆ ಒಂದು ಚೀಟಿ ಸಿಗುತ್ತದೆ. ಸಂದೇಶಗಳು ಓಡಾಡುತ್ತಿರುವಾಗ ಗಡಿಯ ಅಂಕಿ ಬೇಡದ ನಡುನೆಲದ ಲೆಕ್ಕವನ್ನು ಅದು ಮುಗಿಸಿಕೊಳ್ಳುತ್ತದೆ. ಆಮೇಲೆ ಚೀಟಿ ತೋರಿಸಿ ‘ಆಯಿತೇ?’ ಎಂದು ಕೇಳುತ್ತದೆ. ಹೌದು ಅಥವಾ ಇಲ್ಲ ಎಂಬ ಉತ್ತರ ಕೂಡಲೇ ಬರುತ್ತದೆ. ಈ ಪ್ರಶ್ನೆಗೆ ‘ಟೆಸ್ಟ್’ ಎಂದು ಹೆಸರು. ‘ಆಗುವವರೆಗೆ ಇಲ್ಲೇ ಕೂತಿರುತ್ತೇನೆ’ ಎನ್ನುವುದಕ್ಕೆ ‘ವೇಟ್’ ಎಂದು ಹೆಸರು. ಬೇರೆ ಕೆಲಸವೇನೂ ಉಳಿದಿಲ್ಲದವನಿಗೆ ವೇಟ್ ಸಾಕು. ಕೆಲಸ ಉಳಿದವನಿಗೆ ಟೆಸ್ಟ್ ಬೇಕು.

ಗಿರಣಿಯ ಉಪಮೆಯಲ್ಲಿ ಇನ್ನೊಂದು ಸೂಕ್ಷ್ಮವೂ ಅಡಗಿದೆ: ಡಬ್ಬಿ ಅಲ್ಲಿರುವವರೆಗೆ ಅದು ನಮ್ಮದಲ್ಲ. ಕಳಿಸಲು ಹೇಳಿದ ಅಂಕಿಗಳು ಕುಳಿತಿರುವ ಮೆಮರಿಯ ಜಾಗವನ್ನು ಗಣಕತಜ್ಞರು ಬಫರ್ ಎನ್ನುತ್ತಾರೆ. ‘ಆಯಿತು’ ಎಂಬ ಉತ್ತರ ಬರುವ ಮುನ್ನ ಅದನ್ನು ತಿದ್ದಕೂಡದು. ಬರಬೇಕಾದ ಸಂದೇಶದ ಬಫರನ್ನಂತೂ ಓದಲೂಕೂಡದು. ತಿದ್ದಿದರೆ ಏನಾಗುತ್ತದೆ? ಅನೇಕ ಸಲ ಏನೂ ಆಗುವುದಿಲ್ಲ, ಇದೇ ಅಪಾಯ. ಒಂದೊಂದು ಸಲ ಮಾತ್ರ ಅರ್ಧ ಹಳೆಯ, ಅರ್ಧ ಹೊಸ ಅಂಕಿಗಳು ಮುಂಡರಗಿಗೆ ಹೋಗುತ್ತವೆ. ಗಂಟೆ ಬಾರಿಸುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ. ಕೊನೆಗೆ ಅಚ್ಚಾಗುವ ಮಳೆಯ ಅಂಕಿ ಮಾತ್ರ ಸುಳ್ಳಾಗಿರುತ್ತದೆ. ಮರುದಿನ ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸಿದರೆ ಸರಿಯಾದ ಉತ್ತರವೇ ಬಂದು ತಪ್ಪು ಹುಡುಕುವವರನ್ನು ಅಣಕಿಸಬಹುದು. ಟೋಕನ್ನಿಲ್ಲದೆ ಹೊರಟ ಗಾಡಿ ಹತ್ತು ಸಲ ಸುಖವಾಗಿ ತಲುಪಿದರೆ ಟೋಕನ್ ಅನಗತ್ಯವೆಂದು ಯಾರೂ ಹೇಳಲಾರರು.

ಹೊಸಬರು ಎಡವುವ ಇನ್ನೊಂದು ಸ್ಥಳ ‘ಆಯಿತು’ ಎಂಬ ಮಾತಿನ ಅರ್ಥ. ಕಳಿಸುವ ಕೆಲಸ ಮುಗಿಯಿತೆಂದರೆ ಆಚೆಯವರಿಗೆ ಮುಟ್ಟಿತೆಂದೇ ಅರ್ಥವಲ್ಲ! ರಿಜಿಸ್ಟರ್ಡ್ ಅಂಚೆಯ ಕಾಲದಲ್ಲಿ ಕೌಂಟರಿನಲ್ಲಿ ಕೊಡುತ್ತಿದ್ದ ರಸೀದಿಯೇ ಬೇರೆ, ವಿಳಾಸದಾರರ ಸಹಿಯೊಡನೆ ಹಲವು ದಿನಗಳ ಮೇಲೆ ಮರಳುತ್ತಿದ್ದ ಸ್ವೀಕೃತಿ ಕಾರ್ಡೇ ಬೇರೆ. ರಸೀದಿ ಹೇಳುತ್ತಿದ್ದದ್ದು ಇಷ್ಟೇ: ಪತ್ರ ನಿಮ್ಮ ಕೈ ಬಿಟ್ಟಿದೆ, ಇನ್ನು ನಮ್ಮ ಹೊಣೆ. ಸಾಧಾರಣ ರೀತಿಯಲ್ಲಿ ಕಳಿಸಿದ ಸಂದೇಶಕ್ಕೆ ಟೆಸ್ಟ್ ‘ಹೌದು’ ಎಂದರೆ ಅದು ಈ ರಸೀದಿಗೆ ಸಮ. ಬಫರನ್ನು ಮತ್ತೆ ಬಳಸಬಹುದು, ಅಷ್ಟೇ. ಸಂದೇಶ ಇನ್ನೂ ದಾರಿಯಲ್ಲಿರಬಹುದು, ಯಾವುದೋ ನಡುಕೋಣೆಯಲ್ಲಿ ಕುಳಿತಿರಲೂಬಹುದು. ಆಚೆಯವರು ತೆಗೆದುಕೊಳ್ಳಲು ತೊಡಗಿದ್ದಾರೆಂದು ತಿಳಿಯಬೇಕಾದರೆ ಅದಕ್ಕೆಂದೇ ಇರುವ ಬೇರೆ ಬಗೆಯ ಕಳಿಸುವಿಕೆಯನ್ನು ಆರಿಸಬೇಕು. ಅದು ನಿಧಾನ. ಪಡೆಯುವವರ ಕಡೆ ಮಾತ್ರ ಈ ಗೊಂದಲವಿಲ್ಲ. ಅಲ್ಲಿ ‘ಆಯಿತು’ ಎಂದರೆ ಸಂದೇಶ ಇಡಿಯಾಗಿ ಬಫರಿಗೆ ಬಂದಿದೆ. ಎಷ್ಟು ಅಂಕಿಗಳು ಬಂದವೆಂದೂ ಕೇಳಿ ತಿಳಿಯಬಹುದು. ಈಗ ಹಲವು ರೈಲು ಮಾರ್ಗಗಳಲ್ಲಿ ಒಳಹೋದ ಅಚ್ಚುಗಳನ್ನೂ ಹೊರಬಂದ ಅಚ್ಚುಗಳನ್ನೂ ಎಣಿಸಿ ತಾಳೆ ನೋಡುವ ಯಂತ್ರಗಳಿವೆಯಲ್ಲ, ಅದೇ ರೀತಿ.

ಕೇಳುವುದು ಬರಿಯ ಕೇಳುವುದೂ ಅಲ್ಲ ಎಂಬುದು ಈ ವಿಷಯದ ಅತ್ಯಂತ ಸ್ವಾರಸ್ಯಕರ ಸಂಗತಿ. ಅನೇಕ ಗಣಕ ವ್ಯವಸ್ಥೆಗಳಲ್ಲಿ ಸಂದೇಶ ಸಾಗಿಸುವ ತಂತ್ರಾಂಶಕ್ಕೆ ಸ್ವಂತ ಕೈಯಾಳು ಇರುವುದಿಲ್ಲ. ಪ್ರೋಗ್ರಾಂ ಅದರ ಬಾಗಿಲು ತಟ್ಟಿದಾಗಲೇ ಅದು ಎದ್ದು, ಬಾಕಿಯಿರುವ ದೊಡ್ಡ ಸಂದೇಶದ ಮುಂದಿನ ಕಂತನ್ನು ದಾಟಿಸುತ್ತದೆ. ಹೀಗಾಗಿ ‘ಸಂದೇಶ ತಾನೇ ಹೋಗುತ್ತದೆ’ ಎಂದು ನಂಬಿ ದೀರ್ಘಕಾಲ ಲೆಕ್ಕದಲ್ಲೇ ಮುಳುಗಿದ ಪ್ರೋಗ್ರಾಂ, ಕೊನೆಗೆ ಬಂದು ನೋಡಿದರೆ ಡಬ್ಬಿ ಇಟ್ಟಲ್ಲೇ ಇರುತ್ತದೆ! ಅನುಭವಸ್ಥರು ಲೆಕ್ಕದ ನಡುನಡುವೆ ಟೆಸ್ಟ್ ಇಡುವುದು ಉತ್ತರ ತಿಳಿಯಲಿಕ್ಕಷ್ಟೇ ಅಲ್ಲ, ಕೆಲಸ ಮುಂದೂಡಲಿಕ್ಕೂ ಹೌದು. ಹಾಗೆಂದು ಉಸಿರಿಗೊಮ್ಮೆ ಕೇಳುತ್ತಾ ಕೂತರೆ ಆ ಕೇಳುವಿಕೆಯೇ ಲೆಕ್ಕದ ಸಮಯವನ್ನು ನುಂಗುತ್ತದೆ. ಎಷ್ಟು ಸಲ ಕೇಳಬೇಕೆಂಬುದಕ್ಕೆ ಎಲ್ಲ ಯಂತ್ರಗಳಿಗೂ ಒಪ್ಪುವ ಸೂತ್ರವಿಲ್ಲ; ಓಡಿಸಿ ಅಳೆದು ನೋಡಬೇಕು.

ಚೀಟಿಗಳು ಹಲವಿದ್ದಾಗ ಕೇಳುವ ಬಗೆಗಳೂ ಹಲವು. ಎಲ್ಲವೂ ಆದವೇ? ಯಾವುದಾದರೂ ಒಂದು ಆಯಿತೇ? ಈವರೆಗೆ ಆದವು ಯಾವುವು? ಲಕ್ಷ್ಮೇಶ್ವರದ ಅಂಕಿ ಮೊದಲು ಬಂದರೆ ಗದಗದ ಗಣಕ ಆ ಮಗ್ಗುಲಿನ, ಮುಳಗುಂದದ ಕಡೆಯ ಲೆಕ್ಕವನ್ನು ಮೊದಲು ಮುಗಿಸುತ್ತದೆ. ಮುಂಡರಗಿಯದು ಬಂದಾಗ ಆ ಮಗ್ಗುಲು. ಮುಗಿದ ಸಂದೇಶದ ಚೀಟಿ ತಾನಾಗಿ ರದ್ದಾಗುತ್ತದೆ. ಕೇಳದೆ ಬಿಟ್ಟ ಚೀಟಿಗಳು ಮಾತ್ರ ಪೆಟ್ಟಿಗೆಗೆ ಮರಳದ ಟೋಕನ್‌ಗಳಂತೆ ಮೆಮರಿಯಲ್ಲಿ ಗುಡ್ಡೆಬೀಳುತ್ತವೆ.

ಈ ಪದ್ಧತಿಯನ್ನು ಯಾರೋ ಒಬ್ಬರು ಒಂದು ದಿನ ಕಂಡುಹಿಡಿದದ್ದಲ್ಲ. 1980ರ ದಶಕದಲ್ಲಿ ಸಮಾಂತರ ಗಣಕ ಮಾಡಿದ ಪ್ರತಿ ಕಂಪನಿಗೂ ತನ್ನದೇ ಸಂದೇಶ ಭಾಷೆಯಿತ್ತು. ಇಂಟೆಲ್ ಯಂತ್ರಗಳ ‘ಎನ್‌ಎಕ್ಸ್’ ವ್ಯವಸ್ಥೆಯಲ್ಲಿ ಸಂದೇಶ ಮುಗಿಯಿತೇ ಎಂದು ಕೇಳುವ ‘ಎಂಎಸ್‌ಜಿಡನ್’, ಮುಗಿಯುವವರೆಗೆ ಕಾಯುವ ‘ಎಂಎಸ್‌ಜಿವೇಟ್’ ಆಗಲೇ ಇದ್ದವು. ತೊಂದರೆಯೆಂದರೆ ಒಂದು ಯಂತ್ರಕ್ಕೆ ಬರೆದದ್ದು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಹೊಸ ಯಂತ್ರ ಕೊಂಡರೆ ಪ್ರೋಗ್ರಾಮನ್ನೂ ಹೊಸದಾಗಿ ಬರೆಯಬೇಕು. 1992ರ ಏಪ್ರಿಲಿನಲ್ಲಿ ಅಮೆರಿಕದ ವಿಲಿಯಮ್ಸ್‌ಬರ್ಗಿನಲ್ಲಿ ಇದರ ಚರ್ಚೆಗೆ ಕಮ್ಮಟ ನಡೆಯಿತು. ಮುಂದೆ ಸುಮಾರು 40 ಸಂಸ್ಥೆಗಳ 60 ಮಂದಿ ಸೇರಿ, 1993ರ ಮೊದಲ ಒಂಬತ್ತು ತಿಂಗಳು ಆರು ವಾರಗಳಿಗೊಮ್ಮೆ ಸಭೆ ನಡೆಸಿ, ಸಾಮಾನ್ಯ ನಿಯಮಾವಳಿಯೊಂದನ್ನು ರೂಪಿಸಿದರು. 1994ರ ಮೇ ತಿಂಗಳಲ್ಲಿ ಅದು ‘ಮೆಸೇಜ್ ಪಾಸಿಂಗ್ ಇಂಟರ್‌ಫೇಸ್’, ಅಂದರೆ ಎಂಪಿಐ ಎಂಬ ಹೆಸರಿನಲ್ಲಿ ಹೊರಬಂತು. ಸ್ಪರ್ಧಿಗಳಾದ ಕಂಪನಿಗಳು ಒಂದೇ ಮೇಜಿನ ಸುತ್ತ ಕೂತು ಒಪ್ಪಿದ್ದು ಸಣ್ಣ ಮಾತಲ್ಲ. ಬೇರೆ ಬೇರೆ ಕಂಪನಿಗಳ ಹಳಿಗಳು ಒಂದೇ ಅಳತೆಗೆ ಬರಲು ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಕರ್ನಾಟಕಕ್ಕೆ ಈ ವಿದ್ಯೆ ಎಂಪಿಐಗಿಂತ ಮೊದಲೇ ಬಂದಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿತು. ಸಾಧಾರಣವಾದ ಇಂಟೆಲ್ 8086 ಸಂಸ್ಕಾರಕಗಳನ್ನೇ ಕೂಡಿಸಿ ಮಾಡಿದ ಈ ಯಂತ್ರ ಭಾರತದ ಮೊದಲ ಸಮಾಂತರ ಗಣಕವೆಂದು ಹೆಸರಾಗಿದೆ. ಹರಿಯುವ ಗಾಳಿಯ ಲೆಕ್ಕಕ್ಕೆಂದು ಹುಟ್ಟಿದ ಅದರ ಮುಂದಿನ ಪೀಳಿಗೆಗಳ ಮೇಲೆ 1990ರ ದಶಕದಲ್ಲಿ ಹವಾಮಾನ ಮಾದರಿಗಳೂ ಓಡಿದವು. ಆ ಹೊತ್ತಿಗೆ ದೆಹಲಿಯ ಹವಾಮಾನ ಕೇಂದ್ರಕ್ಕೆ ಅಮೆರಿಕದ ಕ್ರೇ ಗಣಕ ಬಂದಿತ್ತಾದರೂ ಭಾರತ ಕೇಳಿದ್ದ ದೊಡ್ಡದನ್ನು ಅಮೆರಿಕ ಕೊಟ್ಟಿರಲಿಲ್ಲ. ಪುಣೆಯ ಸಿ-ಡ್ಯಾಕ್ 1991ರಲ್ಲಿ ಮುಗಿಸಿದ ‘ಪರಮ್ 8000’ ಟ್ರಾನ್ಸ್‌ಪ್ಯೂಟರ್‌ಗಳಿಂದಲೇ ಆದದ್ದು. ದೊಡ್ಡ ಒಂಟಿ ಯಂತ್ರ ಸಿಗದ ದೇಶ ಸಣ್ಣವುಗಳನ್ನು ಕೂಡಿಸಿತು. ಕೂಡಿಸಿದ ಮೇಲೆ ಅವು ಒಂದಕ್ಕೊಂದು ಕಾಯುತ್ತ ಕೂರದಂತೆ ನೋಡಿಕೊಳ್ಳುವ ಚಿಂತೆಯೂ ಜೊತೆಗೇ ಬಂತು.

ಗದಗ ಸೀಮೆಯ ರೈತನಿಗೆ ಇದರಿಂದ ಏನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಿರಗದ ಮಳೆ ಹದ ಕೊಟ್ಟರೆ ಎರೆಭೂಮಿಯಲ್ಲಿ ಹೆಸರು ಬಿತ್ತುವವನಿಗೆ ಮುಂದಿನ ಮೂರು-ನಾಲ್ಕು ದಿನಗಳ ಹವೆ ಬೇಕು, ಅದೂ ಇಂದೇ ಬೇಕು. ನಾಳೆಯ ಹವೆಯ ಲೆಕ್ಕ ನಾಡಿದ್ದು ಮುಗಿದರೆ ಅದು ಮುನ್ಸೂಚನೆಯಲ್ಲ, ಪಂಚನಾಮೆ. ಸಾವಿರಾರು ಸಂಸ್ಕಾರಕಗಳು ಪ್ರತಿ ಹೆಜ್ಜೆಯಲ್ಲಿ ಒಂದಿಷ್ಟು ಕಾಲ ಸುಮ್ಮನೆ ನಿಂತರೂ ಬೆಳಗಿನ ವರದಿ ತಪ್ಪುತ್ತದೆ.

2024ರ ಸೆಪ್ಟೆಂಬರಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಗೆ ‘ಅರ್ಕ’, ನೋಯ್ಡಾದ ಕೇಂದ್ರಕ್ಕೆ ‘ಅರುಣಿಕಾ’ ಎಂಬ ಹೊಸ ಮಹಾಗಣಕಗಳು ಬಂದವು. 2025ರ ಮೇ ತಿಂಗಳಲ್ಲಿ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಬಳಕೆಗೆ ಬಂದು, ಲೆಕ್ಕದ ಜಾಲದ ಅಂತರ ಸುಮಾರು 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಯಿತು. ಸುಮಾರು 4,650 ಚದರ ಕಿ.ಮೀ. ವಿಸ್ತಾರದ ಗದಗ ಜಿಲ್ಲೆಯನ್ನು ಚೌಕಗಳೆಂದು ಭಾವಿಸಿ ಎಣಿಸಿದರೆ ಮೊದಲು 32 ಇದ್ದದ್ದು ಈಗ 130ರ ಹತ್ತಿರ. ಕಪ್ಪತಗುಡ್ಡದ ಪಡುವಣ ಮಗ್ಗುಲೂ ಮೂಡಣ ಮಗ್ಗುಲೂ ಮೊದಲು ಒಂದೇ ಚೌಕದಲ್ಲಿ ಬೆರೆತುಹೋಗುತ್ತಿದ್ದ ಕಡೆ ಈಗ ಬೇರೆ ಬೇರೆ ಚೌಕಗಳಿಗೆ ಬೀಳಬಹುದು. ಅವುಗಳ ನಡುವೆಯೂ ಪ್ರತಿ ಹೆಜ್ಜೆಗೆ ಅಂಕಿ ಕೊಟ್ಟು ತೆಗೆದುಕೊಳ್ಳಬೇಕು.